ಶಿಕ್ಷಕರ ತೂಕ ಇಳಿಸುವ ಮೂರು ತಿಂಗಳ ಪ್ಯಾಕೇಜ್: ಮಂಗಳೂರಿನ ಸ್ಟಾಫ್ ರೂಮಿನಿಂದ ಒಂದು ವಿಮರ್ಶೆ

ಮಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದು ಶಾಲಾ ಕಾಲೇಜುಗಳ ಸಿಬ್ಬಂದಿಗೆಂದೇ ತೂಕ ನಿರ್ವಹಣೆಯ ಕಾರ್ಯಕ್ರಮವೊಂದನ್ನು ನಡೆಸುತ್ತಿದೆ. ಕಳೆದ ವರ್ಷ ಶಾಲೆ ಆರಂಭವಾದ ಹೊಸತರಲ್ಲಿ ನಮ್ಮ ಅನುದಾನಿತ ಸಂಸ್ಥೆಯ ಪ್ರೌಢಶಾಲೆ ಮತ್ತು ಪದವಿಪೂರ್ವ ವಿಭಾಗಗಳ ಶಿಕ್ಷಕರು ಗುಂಪಾಗಿ ಅದಕ್ಕೆ ಸೇರಿದೆವು. ತಲಾ 4,500 ರೂಪಾಯಿ ಶುಲ್ಕದಲ್ಲಿ ಅರ್ಧವನ್ನು ಆಡಳಿತ ಮಂಡಳಿ ಭರಿಸಿತು. ಈ ಹಣಕ್ಕೆ ಆರಂಭದಲ್ಲಿ ಮತ್ತು ಕೊನೆಯಲ್ಲಿ ರಕ್ತಪರೀಕ್ಷೆ, ಹದಿನೈದು ದಿನಕ್ಕೊಮ್ಮೆ ಶಾಲೆಗೇ ಬಂದು ತೂಕ ಮತ್ತು ಸೊಂಟದ ಅಳತೆ, ಆಹಾರತಜ್ಞೆಯೊಡನೆ ಮಾತುಕತೆ, ಬೆಳಗಿನ ಆನ್‌ಲೈನ್ ವ್ಯಾಯಾಮ, ಒಂದು ಮೊಬೈಲ್ ಆ್ಯಪ್ ಮತ್ತು ಒಂದು ವಾಟ್ಸ್‌ಆ್ಯಪ್ ಗುಂಪು ಸಿಗುತ್ತವೆ.

ಚಿಕಿತ್ಸಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ಅಚ್ಚಿನ ಪ್ಯಾಕೇಜುಗಳನ್ನು ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಹಲವರು ಮಾರುತ್ತಿರುವುದರಿಂದ, ಬೇರೆ ಶಾಲೆಯವರು ಇಂಥದ್ದಕ್ಕೆ ಹಣ ಕಟ್ಟುವ ಮೊದಲು ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದೇ ಇಲ್ಲಿ ಮುಖ್ಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಯಲ್ಲಿ ಶಾಲೆಯ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಮಾಡಿದ ಕೆಲಸವೆಲ್ಲ ಫಲ ಕೊಟ್ಟಿತು. ಶಿಕ್ಷಕರ ಮನೋಬಲವನ್ನು ನಂಬಿ ಮಾಡಿದ ಕೆಲಸವೆಲ್ಲ ಎರಡನೇ ತಿಂಗಳಿಗೇ ಸೊರಗಿತು.

ಇಂಥ ಸೇವೆಯ ಅಗತ್ಯವೇನಿದೆ ಎಂದು ಕೇಳುವ ಹಿರಿಯ ಸಹೋದ್ಯೋಗಿಗಳಿದ್ದಾರೆ. 2019ರಿಂದ 2021ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇಕಡಾ 30.1ರಷ್ಟು ಮಹಿಳೆಯರು ಮತ್ತು ಶೇಕಡಾ 30.9ರಷ್ಟು ಪುರುಷರು ಅಧಿಕ ತೂಕ ಅಥವಾ ಬೊಜ್ಜಿನ ವರ್ಗಕ್ಕೆ ಸೇರುತ್ತಾರೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಇಷ್ಟಿರಲಿಲ್ಲ. ಇದು 15ರಿಂದ 49 ವರ್ಷದೊಳಗಿನವರ ಲೆಕ್ಕ. ಐವತ್ತು ದಾಟಿದವರೇ ಹೆಚ್ಚಿರುವ ನಮ್ಮಂಥ ಅನುದಾನಿತ ಶಾಲೆಯ ಸ್ಟಾಫ್ ರೂಮಿನ ಚಿತ್ರ ಇದಕ್ಕಿಂತ ಹಗುರವಾಗಿರಲು ಕಾರಣ ಕಾಣುವುದಿಲ್ಲ.

ಮೊದಲು ಅಳತೆಯ ವಿಚಾರ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. ಹತ್ತೊಂಬತ್ತನೇ ಶತಮಾನದಲ್ಲಿ ಬೆಲ್ಜಿಯಂನ ಕ್ವೆಟೆಲೆ ಇದನ್ನು ರೂಪಿಸಿದ್ದು ಜನಸಮೂಹದ ಸರಾಸರಿಯನ್ನು ತಿಳಿಯುವುದಕ್ಕೇ ಹೊರತು ಒಬ್ಬೊಬ್ಬರ ಆರೋಗ್ಯವನ್ನು ನಿರ್ಣಯಿಸುವುದಕ್ಕಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದರಲ್ಲಿ 25ನ್ನು ಅಧಿಕ ತೂಕದ ಗೆರೆ, 30ನ್ನು ಬೊಜ್ಜಿನ ಗೆರೆ ಎಂದು ಇಟ್ಟುಕೊಂಡಿದೆ. ಆದರೆ ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಕೂಡುವುದರಿಂದ ಮತ್ತು ಮಧುಮೇಹ ಬೇಗನೆ ಕಾಣಿಸಿಕೊಳ್ಳುವುದರಿಂದ, 2009ರ ಭಾರತೀಯ ತಜ್ಞರ ಒಮ್ಮತದ ಮಾರ್ಗಸೂಚಿ ಈ ಗೆರೆಗಳನ್ನು 23 ಮತ್ತು 25ಕ್ಕೆ ಇಳಿಸಿತು. 160 ಸೆಂಟಿಮೀಟರ್ ಎತ್ತರದ, 62 ಕಿಲೋ ತೂಕದ ಶಿಕ್ಷಕಿಯೊಬ್ಬರ ಬಿಎಂಐ 24.2. ಒಂದು ಪಟ್ಟಿಯಲ್ಲಿ ಅವರು ಆರೋಗ್ಯವಂತರು, ಇನ್ನೊಂದು ಪಟ್ಟಿಯಲ್ಲಿ ಅಧಿಕ ತೂಕದವರು. ಚಿಕಿತ್ಸಾಲಯದವರ ಆ್ಯಪ್ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಯನ್ನು ಹಿಡಿದು ಹಸಿರು ಬಣ್ಣ ತೋರಿಸುತ್ತಿತ್ತು. ಅವರದೇ ಮುದ್ರಿತ ವರದಿ ಭಾರತೀಯ ಗೆರೆಯನ್ನು ಹಿಡಿದು ಕಿತ್ತಳೆ ಬಣ್ಣ ತೋರಿಸುತ್ತಿತ್ತು. ಗಣಿತದ ಟೀಚರ್ ಇದನ್ನು ಮೊದಲ ದಿನವೇ ಹಿಡಿದು ಕೇಳಿದಾಗ, ಬಂದಿದ್ದ ತಂತ್ರಜ್ಞರಲ್ಲಿ ಉತ್ತರವಿರಲಿಲ್ಲ. ಆ್ಯಪನ್ನು ಕೊನೆಯವರೆಗೂ ಸರಿಪಡಿಸಲಿಲ್ಲ.

ಬರಿಗಾಲಲ್ಲಿ ಹತ್ತಿ ನಿಂತು ಎರಡು ಹಿಡಿಗಳನ್ನು ಹಿಡಿದುಕೊಳ್ಳುವ ಒಂದು ಯಂತ್ರವನ್ನೂ ಅವರು ತರುತ್ತಾರೆ. ಅದು ದೇಹದ ಮೂಲಕ ಸಣ್ಣ ವಿದ್ಯುತ್ ಹರಿಸಿ ಕೊಬ್ಬು ಎಷ್ಟು, ಸ್ನಾಯು ಎಷ್ಟು ಎಂದು ಅಂದಾಜು ಮಾಡಿ, ಕೊನೆಗೆ ನಿಮ್ಮ ದೇಹದ ವಯಸ್ಸು ಇಷ್ಟು ಎಂಬ ಚೀಟಿಯನ್ನು ಕೊಡುತ್ತದೆ. ದೇಹದಲ್ಲಿರುವ ನೀರಿನ ಪ್ರಮಾಣವನ್ನು ಅವಲಂಬಿಸಿದ ಅಂದಾಜು ಇದು. ನೀರು ಕುಡಿದಿದ್ದರೆ, ಊಟವಾಗಿದ್ದರೆ, ಬೆವರಿದ್ದರೆ ಅಂಕಿ ಬದಲಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ನಾಲ್ಕು ಪೀರಿಯಡ್ ಪಾಠ ಮಾಡಿ, ಶೌಚಾಲಯಕ್ಕೆ ಹೋಗಲು ಬಿಡುವಿಲ್ಲವೆಂದು ನೀರನ್ನೇ ಕುಡಿಯದೆ ಬಂದ ಶಿಕ್ಷಕಿಯರನ್ನು ಅದರ ಮೇಲೆ ನಿಲ್ಲಿಸಿ ಬಂದ ಅಂಕಿಗೆ ಎಷ್ಟು ಬೆಲೆ ಕೊಡಬೇಕೆಂದು ಓದುಗರೇ ಊಹಿಸಬಹುದು. ಇದಕ್ಕೆ ಹೋಲಿಸಿದರೆ ಸಾಮಾನ್ಯ ಅಳತೆ ಟೇಪು ಎಷ್ಟೋ ಮೇಲು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟು ಅಳೆದಾಗ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ವಹಿಸಬೇಕೆಂದು ಭಾರತೀಯ ಮಾರ್ಗಸೂಚಿ ಹೇಳುತ್ತದೆ. ಸೊಂಟದ ಅಳತೆಯನ್ನು ಪ್ರತಿ ಭೇಟಿಯಲ್ಲೂ, ಮಹಿಳೆಯರಿಗೆ ಮಹಿಳಾ ಸಿಬ್ಬಂದಿಯಿಂದಲೇ, ಒಂದೇ ಕ್ರಮದಲ್ಲಿ ತೆಗೆದುಕೊಂಡದ್ದಕ್ಕೆ ಈ ಸೇವೆಗೆ ಪೂರ್ಣ ಅಂಕ ಕೊಡಬೇಕು.

ಆದರೆ ಅಳತೆ ನಡೆದ ಸ್ಥಳದ ಬಗ್ಗೆ ಅದೇ ಮಾತು ಹೇಳಲಾಗದು. ಮೊದಲ ಭೇಟಿಯಲ್ಲಿ ತೂಕದ ಯಂತ್ರವನ್ನು ಸ್ಟಾಫ್ ರೂಮಿನ ನಡುವೆಯೇ ಇಟ್ಟು, ಒಬ್ಬರು ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು ನಡೆಯಿತು. ಹೊಸದಾಗಿ ಸೇರಿದ ಅತಿಥಿ ಶಿಕ್ಷಕಿಯೊಬ್ಬರು ಸರದಿಯಿಂದ ಹೊರಗೆ ಬಂದು ಮತ್ತೆ ಕಾರ್ಯಕ್ರಮದ ಕಡೆ ತಲೆಹಾಕಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ಹೇಳಿದ ಮೇಲೆ ಎರಡನೇ ಭೇಟಿಯಿಂದ ಅಳತೆ ಪ್ರಯೋಗಾಲಯದ ಪಕ್ಕದ ಕೋಣೆಗೆ ಹೋಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾರ ವಾರ ಯಾರು ಎಷ್ಟು ಇಳಿಸಿದರು ಎಂಬ ಪಟ್ಟಿಯನ್ನು ಹಾಕುವ ಪದ್ಧತಿ ಮಾತ್ರ ಮುಂದುವರಿಯಿತು. ಮಕ್ಕಳ ಅಂಕಗಳನ್ನು ಫಲಕದಲ್ಲಿ ಹಾಕಿ ಅವಮಾನಿಸಬಾರದೆಂದು ತರಬೇತಿ ಪಡೆದ ನಾವು ನಮ್ಮದೇ ಅಂಕಪಟ್ಟಿಯನ್ನು ಮೂರು ತಿಂಗಳು ಸಹಿಸಿಕೊಂಡೆವು. ನಾಚಿಕೆಪಡಿಸಿದರೆ ತೂಕ ಇಳಿಯುವುದಿಲ್ಲ, ಬದಲಿಗೆ ಜನ ವೈದ್ಯರಿಂದಲೇ ದೂರ ಉಳಿಯುತ್ತಾರೆ ಎಂಬುದು ಈ ಕ್ಷೇತ್ರದವರಿಗೆ ಹೊಸ ವಿಷಯವೇನಲ್ಲ.

ಶಿಕ್ಷಕರು ದಿನವಿಡೀ ನಿಂತೇ ಇರುವುದರಿಂದ ಅವರಿಗೆ ಬೊಜ್ಜು ಬರಬಾರದೆಂಬ ಒಂದು ನಂಬಿಕೆ ನಮ್ಮಲ್ಲೂ ಇತ್ತು. ಕಾರ್ಯಕ್ರಮದ ವೈದ್ಯರು ಮೊದಲ ಉಪನ್ಯಾಸದಲ್ಲಿ ಇದನ್ನೇ ತೆಗೆದುಕೊಂಡರು. ಮೂರು ತಿಂಗಳಲ್ಲಿ ಕೇಳಿದ ಮಾತುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ ಇರಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಒಂದು ವಿಶ್ಲೇಷಣೆಯ ಪ್ರಕಾರ, ಕುಳಿತಿರುವುದಕ್ಕಿಂತ ನಿಂತಿರುವಾಗ ನಿಮಿಷಕ್ಕೆ ಸುಮಾರು 0.15 ಕ್ಯಾಲೊರಿಯಷ್ಟೇ ಹೆಚ್ಚು ಖರ್ಚಾಗುತ್ತದೆ. 65 ಕಿಲೋ ತೂಕದವರು ಕುಳಿತುಕೊಳ್ಳುವ ಬದಲು ಆರು ಗಂಟೆ ನಿಂತರೂ ಹೆಚ್ಚುವರಿ ಖರ್ಚು 54 ಕ್ಯಾಲೊರಿ. ಒಂದು ಟೀ ಚಮಚೆ ಎಣ್ಣೆಯಲ್ಲೇ 40ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ. ಅಂದರೆ ಬೆಳಗಿನಿಂದ ಸಂಜೆಯವರೆಗೆ ನಿಂತು ಪಾಠ ಮಾಡಿದ ಲಾಭವನ್ನು ಕ್ಯಾಂಟೀನಿನ ಒಂದು ಗೋಳಿಬಜೆ ಸದ್ದಿಲ್ಲದೆ ನುಂಗಿಹಾಕಬಲ್ಲದು. ನಿಂತು ನಿಂತು ಕಾಲಿನ ನರಗಳು ಉಬ್ಬುತ್ತವೆ, ಹಿಮ್ಮಡಿ ನೋಯುತ್ತದೆ, ಮನೆಗೆ ಬಂದ ಮೇಲೆ ನಡೆಯುವ ಮನಸ್ಸೇ ಇರುವುದಿಲ್ಲ. ದಣಿವನ್ನು ನಾವು ವ್ಯಾಯಾಮವೆಂದು ಎಣಿಸಿಕೊಂಡಿರುತ್ತೇವೆ.

ಇನ್ನು ಊಟದ ಪಟ್ಟಿ. ಮೊದಲು ಕೊಟ್ಟ ಪಟ್ಟಿಯನ್ನು ಎಲ್ಲಿಯೋ ಬೇರೆ ಊರಿನವರಿಗಾಗಿ ಬರೆದಂತಿತ್ತು. ಬೆಳಿಗ್ಗೆ ಎಂಟಕ್ಕೆ ಓಟ್ಸ್, ಹತ್ತೂವರೆಗೆ ನೆನೆಸಿದ ಬಾದಾಮಿ, ಮಧ್ಯಾಹ್ನ ಹನ್ನೆರಡೂವರೆಗೆ ಎರಡು ಚಪಾತಿ ಮತ್ತು ಬ್ರೊಕೊಲಿ, ಸಂಜೆ ಏಳಕ್ಕೆ ಸೂಪು. ಹನ್ನೆರಡೂವರೆಗೆ ನಾನು ಹತ್ತನೇ ತರಗತಿಯಲ್ಲಿ ಹಳೆಗನ್ನಡ ಪದ್ಯದ ಅನ್ವಯ ಹೇಳುತ್ತಿರುತ್ತೇನೆ. ಮೂಡುಬಿದಿರೆಯಿಂದ ಬರುವ ವಿಜ್ಞಾನದ ಮಾಸ್ಟ್ರು ಬೆಳಿಗ್ಗೆ ಎಂಟಕ್ಕೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತಾರೆ. ಸಂಜೆ ಏಳಕ್ಕೆ ಅವರು ಮನೆಗೂ ತಲುಪಿರುವುದಿಲ್ಲ. ಬೆಳಿಗ್ಗೆ ತಿಂಡಿ ಬಿಟ್ಟು ಬರುವುದು, ಹನ್ನೊಂದರ ಬಿಡುವಿನಲ್ಲಿ ಹಸಿವು ತಡೆಯದೆ ಚಹಾದ ಜೊತೆ ಬನ್ಸ್ ಅಥವಾ ಚಟ್ಟಂಬಡೆ, ಮಧ್ಯಾಹ್ನ ಹತ್ತು ನಿಮಿಷದಲ್ಲಿ ಬುತ್ತಿ ಮುಗಿಸುವುದು, ನಾಲ್ಕೂವರೆಗೆ ಮತ್ತೆ ಚಹಾ ಮತ್ತು ಕರಿದದ್ದು, ರಾತ್ರಿ ಒಂಬತ್ತೂವರೆಗೆ ದಿನದ ನಿಜವಾದ ಊಟ, ಆಮೇಲೆ ಉತ್ತರ ಪತ್ರಿಕೆಗಳ ಕಟ್ಟು. ಬೆಲ್ಲು ಬಾರಿಸುವ ಯಾವ ಶಾಲೆಯಲ್ಲಾದರೂ ಶಿಕ್ಷಕರ ದಿನ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಇದನ್ನು ತಿಳಿಯದೆ ಬರೆದ ಪಟ್ಟಿಗೆ ಕಾಗದದ ಬೆಲೆಯೂ ಇಲ್ಲ.

ಆಹಾರತಜ್ಞೆ ಉಡುಪಿ ಕಡೆಯ ಯುವತಿ. ನಾವು ಈ ಆಕ್ಷೇಪಗಳನ್ನು ಹೇಳಿದಾಗ ಅವರು ಪಟ್ಟಿಯನ್ನು ಸಮರ್ಥಿಸಿಕೊಳ್ಳಲಿಲ್ಲ. ನಮ್ಮ ವೇಳಾಪಟ್ಟಿಯ ಪ್ರತಿಯನ್ನು ಕೇಳಿ ತೆಗೆದುಕೊಂಡು ಹೋಗಿ, ಮುಂದಿನ ಭೇಟಿಗೆ ಹೊಸದನ್ನು ಬರೆದು ತಂದರು. ಈ ಇಡೀ ಪ್ಯಾಕೇಜಿನಲ್ಲಿ ಹಣಕ್ಕೆ ತಕ್ಕ ವಸ್ತು ಎಂದರೆ ಆ ಎರಡನೇ ಪಟ್ಟಿ. ಅದರಲ್ಲಿ ಕುಚ್ಚಲಕ್ಕಿ ಇತ್ತು, ಗಂಜಿ ಇತ್ತು, ಬಂಗುಡೆಯೂ ಇತ್ತು. ಚರಿತ್ರೆಯ ಮಾಸ್ಟ್ರು ಗಂಜಿಯನ್ನೂ ಬಿಡಬೇಕೆ ಎಂದು ಆತಂಕದಿಂದ ಕೇಳಿದಾಗ ಅವರು, "ಗಂಜಿ ಬಿಡಬೇಡಿ ಸರ್, ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಡಿ. ತಟ್ಟೆಯ ಅರ್ಧ ಬಸಳೆಯೋ ತೊಂಡೆಕಾಯಿಯೋ ಅಲಸಂಡೆಯೋ ಇರಲಿ, ಅನ್ನ ಉಳಿದ ಜಾಗದಲ್ಲಿ ಕೂತುಕೊಳ್ಳಲಿ" ಎಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ತಟ್ಟೆಯ ಅರ್ಧವನ್ನು ತರಕಾರಿ, ಸೊಪ್ಪು, ಹಣ್ಣುಗಳಿಗೆ ಬಿಡಬೇಕೆಂದೇ ಹೇಳುತ್ತದೆ.

ಕರಾವಳಿಯ ಅಡುಗೆಯ ಬಗ್ಗೆ ಅವರಿಗಿದ್ದ ತಿಳಿವಳಿಕೆ ಮೆಚ್ಚುವಂಥದ್ದು. ಕುಚ್ಚಲಕ್ಕಿಯನ್ನು ಭತ್ತವಿರುವಾಗಲೇ ಬೇಯಿಸುವುದರಿಂದ ತೌಡಿನ ಭಾಗದ ಬಿ ಜೀವಸತ್ವಗಳು ಕಾಳಿನೊಳಗೆ ಇಳಿದು ಉಳಿಯುತ್ತವೆ, ಬೆಳ್ತಿಗೆ ಅನ್ನಕ್ಕಿಂತ ಅದು ನಿಧಾನವಾಗಿ ಜೀರ್ಣವಾಗುತ್ತದೆ. ಹಾಗೆಂದು ತಟ್ಟೆ ತುಂಬಿಸಿಕೊಂಡರೆ ಆ ಗುಣದಿಂದ ಪ್ರಯೋಜನವಿಲ್ಲ. ಬೂತಾಯಿ, ಬಂಗುಡೆ ಮೀನುಗಳಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಕೊಬ್ಬಿದೆ; ಅದನ್ನು ಹುಳಿಖಾರದ ಪುಳಿಮುಂಚಿ ಸಾರು ಮಾಡಿದರೆ ಒಂದು ಲೆಕ್ಕ, ರವೆ ಹಚ್ಚಿ ಎಣ್ಣೆಯಲ್ಲಿ ಹುರಿದರೆ ಇನ್ನೊಂದು ಲೆಕ್ಕ. ಸಸ್ಯಾಹಾರಿಗಳಿಗೆ ಹುರುಳಿ ಸಾರು, ಮೊಳಕೆ ಹೆಸರುಕಾಳು, ಮಜ್ಜಿಗೆ. ತೆಂಗಿನಕಾಯಿಯನ್ನು ನಿಷೇಧಿಸುವ ದುಸ್ಸಾಹಸಕ್ಕೆ ಅವರು ಕೈಹಾಕಲಿಲ್ಲ. ಸಾಂಬಾರಿಗೆ ಅರೆಯುವ ಕಾಯಿ ಇರಲಿ, ಪಲ್ಯದ ಮೇಲೆ ಉದುರಿಸುವುದನ್ನು ಅರ್ಧ ಮಾಡಿ ಎಂದರು. ತುಳುವರ ಆಟಿ ತಿಂಗಳಲ್ಲಿ ನಮ್ಮಲ್ಲಿ ಎಲ್ಲ ಶಾಲೆಗಳಂತೆ ‘ಆಟಿಡೊಂಜಿ ದಿನ’ (ಆಟಿಯಲ್ಲಿ ಒಂದು ದಿನ) ನಡೆಯಿತು. ಇಪ್ಪತ್ತಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಸಾಲಾಗಿ ಇಟ್ಟಿದ್ದ ಆ ದಿನ ಪಟ್ಟಿಯೆಲ್ಲ ಹಳ್ಳ ಹಿಡಿಯುತ್ತದೆಂದು ನಾವು ಭಾವಿಸಿದ್ದರೆ, ಆಕೆ ಪತ್ರೊಡೆ, ಅರಶಿನ ಎಲೆಯ ಗಟ್ಟಿ, ಮೂಡೆಗಳಂತಹ ಹಬೆಯಲ್ಲಿ ಬೆಂದವುಗಳನ್ನು ಒಂದು ಕಡೆಗೂ ಹಲಸಿನ ಬೀಜದ ವಡೆ, ಪೋಡಿಗಳಂತಹ ಕರಿದವುಗಳನ್ನು ಇನ್ನೊಂದು ಕಡೆಗೂ ಜೋಡಿಸಲು ಹೇಳಿ, ಮೊದಲ ಸಾಲಿನಿಂದಲೇ ಊಟ ಆರಂಭಿಸಿ ಎಂದಷ್ಟೇ ಸೂಚಿಸಿದರು. ಎರಡನೇ ಸಾಲಿನಲ್ಲಿ ಗಣನೀಯವಾಗಿ ಉಳಿದುಹೋಯಿತು. ಇದು ಯಾವ ಆ್ಯಪಿನಲ್ಲೂ ಇಲ್ಲದ ಉಪಾಯ.

ಚಹಾದ ಲೆಕ್ಕ ಇನ್ನಷ್ಟು ನೇರವಾಗಿತ್ತು. ದಿನಕ್ಕೆ 2,000 ಕ್ಯಾಲೊರಿ ಆಹಾರ ಸೇವಿಸುವವರು ಹೊರಗಿನಿಂದ ಸೇರಿಸುವ ಸಕ್ಕರೆಯನ್ನು 25 ಗ್ರಾಂ ಒಳಗೆ ಇಟ್ಟುಕೊಂಡರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಎರಡು ಚಮಚೆ ಸಕ್ಕರೆ ಹಾಕಿದ ಚಹಾ ದಿನಕ್ಕೆ ನಾಲ್ಕಾದರೆ ಅಲ್ಲಿಗೇ 35 ಗ್ರಾಂ ದಾಟುತ್ತದೆ. ಅದರ ಮೇಲೆ ಮಕ್ಕಳ ಹುಟ್ಟುಹಬ್ಬದ ಚಾಕಲೇಟು, ವರ್ಗಾವಣೆಯ ಸಿಹಿ, ನಿವೃತ್ತಿಯ ಲಾಡು, ಫಲಿತಾಂಶದ ಐಸ್‌ಕ್ರೀಂ. ಮಕ್ಕಳು ಸಕ್ಕರೆ ಎಷ್ಟು ತಿನ್ನುತ್ತಿದ್ದಾರೆಂದು ತಿಳಿಸುವ ಫಲಕಗಳನ್ನು ಹಾಕುವಂತೆ ಸಿಬಿಎಸ್‌ಇ ತನ್ನ ಶಾಲೆಗಳಿಗೆ 2025ರಲ್ಲಿ ಸೂಚಿಸಿತು. ನಮ್ಮದು ರಾಜ್ಯ ಪಠ್ಯಕ್ರಮದ ಶಾಲೆಯಾದರೂ, ಅಂಥ ಫಲಕವೊಂದನ್ನು ಆಹಾರತಜ್ಞೆ ಸ್ಟಾಫ್ ರೂಮಿನ ಚಹಾದ ಮೇಜಿನ ಮೇಲೇ ಹಾಕಿಸಿದರು. ಈಗ ಚಹಾ ಸಕ್ಕರೆಯಿಲ್ಲದೆ ಬರುತ್ತದೆ, ಬೇಕಾದವರು ಹಾಕಿಕೊಳ್ಳುತ್ತಾರೆ. ಹೆಚ್ಚಿನವರು ಒಂದೇ ಚಮಚೆಗೆ ನಿಲ್ಲುತ್ತಾರೆ, ಕೈ ಚಾಚಬೇಕಾದ ಸೋಮಾರಿತನವೂ ಅದಕ್ಕೆ ಕಾರಣವಿರಬಹುದು.

ವ್ಯಾಯಾಮದ ಭಾಗವನ್ನು ಬೇಗ ಮುಗಿಸಬಹುದು. ಬೆಳಿಗ್ಗೆ ಐದೂವರೆಯ ಆನ್‌ಲೈನ್ ತರಗತಿಗೆ, ಮನೆಯವರೆಲ್ಲರ ಬುತ್ತಿ ಕಟ್ಟಬೇಕಾದ ಶಿಕ್ಷಕಿಯರು ಬರುವಂತಿರಲಿಲ್ಲ. ಕದ್ರಿ ಪಾರ್ಕಿನಲ್ಲಿ ಬೆಳಗಿನ ನಡಿಗೆ ಎಂಬ ಸಲಹೆ ಜೂನ್ ತಿಂಗಳಲ್ಲಿ ಕೊಟ್ಟದ್ದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದುಬಿಡುವ ಊರಿನಲ್ಲಿ ಈ ಸಲಹೆಯನ್ನು ಯಾರು ಯೋಚಿಸಿ ಬರೆದರೋ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ ವಾರಕ್ಕೆ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಶಿಫಾರಸು ಮಾಡುತ್ತದೆ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕೆಂಬ ಹಿಂದಿನ ಷರತ್ತನ್ನು 2020ರಲ್ಲಿ ಅದು ಕೈಬಿಟ್ಟಿದೆ. ಹಾಗಾಗಿ ಎರಡು ಪೀರಿಯಡ್‌ಗಳ ನಡುವೆ ಮಹಡಿಯ ಮೆಟ್ಟಿಲು ಹತ್ತಿಳಿಯುವುದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ನಮಗೆ ಹೇಳಿದ್ದು ಚಿಕಿತ್ಸಾಲಯದ ತರಬೇತುದಾರರಲ್ಲ, ನಮ್ಮದೇ ದೈಹಿಕ ಶಿಕ್ಷಕರು. ಕ್ರೀಡಾಕೂಟದ ಕಡತಗಳ ನಡುವೆ ಹೊಟ್ಟೆ ಬೆಳೆಸಿಕೊಂಡಿದ್ದ ಅವರು, ಒಳಾಂಗಣದ ವೇದಿಕೆಯಲ್ಲಿ ಸಂಜೆ ನಾಲ್ಕೂವರೆಗೆ ಇಪ್ಪತ್ತು ನಿಮಿಷ ಕುರ್ಚಿಯಿಂದ ಎದ್ದು ಕೂರುವ, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವ ಅಭ್ಯಾಸವನ್ನು ತಾವೇ ಆರಂಭಿಸಿದರು. ವ್ಯಾಯಾಮದ ಭಾಗದಲ್ಲಿ ಪ್ಯಾಕೇಜ್ ಮುಗಿದ ಮೇಲೂ ಉಳಿದದ್ದು ಅದೊಂದೇ.

ರಕ್ತಪರೀಕ್ಷೆಯ ಭಾಗ ಚೊಕ್ಕವಾಗಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಥೈರಾಯ್ಡ್, ಯಕೃತ್ತಿನ ಪರೀಕ್ಷೆಗಳು ಶುಲ್ಕದೊಳಗೇ ಇದ್ದವು. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ ಎಂದು ಎಣಿಸುತ್ತಾರೆ. ಹೊಸ್ತಿಲಿನಲ್ಲಿ ನಿಂತಿರುವುದು ತಮಗೆ ಗೊತ್ತೇ ಇರಲಿಲ್ಲವೆಂದು ಹೇಳಿದವರು ನಮ್ಮಲ್ಲಿ ಹಲವರಿದ್ದರು. ಅಂಥವರಿಗೆ ವೈದ್ಯರು ಪ್ರತ್ಯೇಕವಾಗಿ ಸಮಯ ಕೊಟ್ಟು, ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಶೇಕಡಾ 7ರಷ್ಟು ತೂಕ ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವ ಗುರಿಯಿಟ್ಟುಕೊಂಡವರಲ್ಲಿ ಮಧುಮೇಹ ಬರುವ ಸಾಧ್ಯತೆ ಶೇಕಡಾ 58ರಷ್ಟು ಕಡಿಮೆಯಾದದ್ದನ್ನೂ, ಚೆನ್ನೈನಿಂದ 2006ರಲ್ಲಿ ಬಂದ ಭಾರತೀಯ ಅಧ್ಯಯನದಲ್ಲಿ ಈ ಇಳಿಕೆ ಶೇಕಡಾ 28ರ ಆಸುಪಾಸಿನಲ್ಲಿದ್ದದ್ದನ್ನೂ ಎರಡನ್ನೂ ಮುಚ್ಚಿಡದೆ ಹೇಳಿದರು. ದೊಡ್ಡ ಅಂಕಿಯನ್ನು ಮಾತ್ರ ಹೇಳಿ ಆಸೆ ಹುಟ್ಟಿಸಬಹುದಿತ್ತು. ಹಾಗೆ ಮಾಡದ ವೈದ್ಯರ ಮೇಲೆ ನನಗೆ ವಿಶ್ವಾಸ ಮೂಡಿತು.

ಅದೇ ವಿಶ್ವಾಸವನ್ನು ಮಾರಾಟ ವಿಭಾಗದವರು ಕಲಕಿಬಿಟ್ಟರು. ಎರಡನೇ ತಿಂಗಳಿನ ಒಂದು ಭೇಟಿ ಪೂರ್ತಿ ಪ್ರೋಟೀನ್ ಪುಡಿಯ ಡಬ್ಬಿಗಳಿಗೆ ಮೀಸಲಾಯಿತು. ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಮೀನು, ಮೊಟ್ಟೆ, ಬೇಳೆ, ಮೊಸರು ಇರುವ ಮನೆಯಲ್ಲಿ ಅದನ್ನು ಡಬ್ಬಿಯಿಂದ ತರಬೇಕಾಗಿಲ್ಲ ಎಂದು ಆಹಾರತಜ್ಞೆ ಹದಿನೈದು ದಿನ ಹಿಂದೆಯಷ್ಟೇ ಹೇಳಿ ಹೋಗಿದ್ದರು. ಅಂದು ಅವರು ಬಂದಿರಲಿಲ್ಲ. ಅದು ಕಾಕತಾಳೀಯವಿರಲಿಕ್ಕಿಲ್ಲ.

ಕೊನೆಯ ತಿಂಗಳು ಚುಚ್ಚುಮದ್ದುಗಳ ಬಗ್ಗೆ ಪ್ರಶ್ನೋತ್ತರ ಇಟ್ಟಿದ್ದರು. ಟಿರ್ಜೆಪಟೈಡ್ ಮತ್ತು ತೂಕ ಇಳಿಕೆಗೆಂದು ಅನುಮೋದಿತವಾದ ಸೆಮಾಗ್ಲುಟೈಡ್ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಎಲ್ಲ ಸ್ಟಾಫ್ ರೂಮುಗಳಲ್ಲೂ ಇದರದೇ ಮಾತು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಈ ಔಷಧಗಳು ಹಸಿವನ್ನು ತಗ್ಗಿಸುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಸೆಮಾಗ್ಲುಟೈಡಿನ ಮುಖ್ಯ ಪ್ರಯೋಗವೊಂದರಲ್ಲಿ 68 ವಾರಗಳಲ್ಲಿ ಸರಾಸರಿ ಶೇಕಡಾ 15ರಷ್ಟು ತೂಕ ಇಳಿದಿತ್ತು. ಆದರೆ ಅದನ್ನು ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿ ಬಂತು. ವಾಕರಿಕೆ, ವಾಂತಿ ಸಾಮಾನ್ಯ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಕುಟುಂಬದಲ್ಲಿದ್ದವರಿಗೆ ಇದು ಸಲ್ಲ. ವೈದ್ಯರು ಇದೆಲ್ಲವನ್ನೂ ವಿವರಿಸಿದರು, ಯಾರಿಗೂ ಅಲ್ಲಿಯೇ ಬರೆದುಕೊಡಲಿಲ್ಲ. ಅಗತ್ಯವಿರುವವರಿಗೆ ಇದು ಔಷಧವೇ, ಅದರಲ್ಲಿ ಅವಮಾನವೇನೂ ಇಲ್ಲ ಎಂದೂ ಅವರು ಹೇಳಿದ್ದು ಕೆಲವರ ಮುಖದ ಬಿಗುವನ್ನು ಸಡಿಲಿಸಿತು.

ಈ ಸೇವೆಯ ದೊಡ್ಡ ಕೊರತೆ ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬುದರಲ್ಲಿದೆ. ಕರಪತ್ರದಲ್ಲಿ ಶಿಕ್ಷಣ ಸಂಸ್ಥೆಗಳ ಸಿಬ್ಬಂದಿಗೆ ಎಂದು ಬರೆದಿದ್ದರೂ ಬಂದವರು ಕೇಳಿದ್ದು ಶಿಕ್ಷಕರ ಪಟ್ಟಿಯನ್ನು ಮಾತ್ರ. ಕಚೇರಿಯ ಗುಮಾಸ್ತರು ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರಿನ ಮುಂದೆ ಕುಳಿತರೆ ವಿದ್ಯಾರ್ಥಿಗಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ದಾಖಲೆ, ವಿದ್ಯಾರ್ಥಿವೇತನದ ಅರ್ಜಿಗಳ ನಡುವೆ ಊಟಕ್ಕೂ ಏಳದೆ ಮೇಜಿನ ಮೇಲೇ ಬುತ್ತಿ ಬಿಚ್ಚುತ್ತಾರೆ. ಶಾಲಾ ವಾಹನದ ಚಾಲಕರು ನಸುಕಿಗೆ ಹೊರಟು, ಬೆಳಗಿನ ಮತ್ತು ಸಂಜೆಯ ಓಡಾಟದ ನಡುವಿನ ಹೊತ್ತನ್ನು ಅದೇ ಸೀಟಿನಲ್ಲಿ ಕಳೆಯುತ್ತಾರೆ. ಗ್ರಂಥಪಾಲಕರದ್ದೂ ಅದೇ ಕಥೆ. ನಮ್ಮಲ್ಲಿ ದಿನವಿಡೀ ನಿಜವಾಗಿ ನಡೆಯುವವರೆಂದರೆ ಅಟೆಂಡರ್ ಮತ್ತು ಬಿಸಿಯೂಟದ ಅಮ್ಮಂದಿರು ಮಾತ್ರ. ತೂಕದಿಂದ ಹೆಚ್ಚು ತೊಂದರೆಗೆ ಒಳಗಾಗಬಲ್ಲ, ಕುಳಿತೇ ದುಡಿಯುವ ಆ ಗುಂಪಿಗೆ ಆಡಳಿತ ಮಂಡಳಿಯ ಅರ್ಧ ಶುಲ್ಕವೂ ಅನ್ವಯಿಸಲಿಲ್ಲ. ಈ ತಪ್ಪಿನಲ್ಲಿ ಚಿಕಿತ್ಸಾಲಯಕ್ಕೂ ಸಂಸ್ಥೆಗೂ ಸಮಪಾಲು.

ಫಲಿತಾಂಶವೇನು ಎಂದು ಓದುಗರು ಕೇಳಬಹುದು. ಚಿಕಿತ್ಸಾಲಯದವರು ಕೊನೆಯ ಸಭೆಯಲ್ಲಿ ಗುಂಪು ಒಟ್ಟಾಗಿ ಇಳಿಸಿದ ಕಿಲೋಗಳನ್ನು ಕೂಡಿಸಿ ದೊಡ್ಡ ಅಕ್ಷರದಲ್ಲಿ ತೋರಿಸಿದರು. ಒಬ್ಬರು ಹತ್ತು ಕಿಲೋ ಇಳಿಸಿ ಒಂಬತ್ತು ಮಂದಿ ಏನೂ ಇಳಿಸದಿದ್ದರೂ ಆ ಮೊತ್ತ ಹಾಗೆಯೇ ಕಾಣುವುದರಿಂದ ಅದಕ್ಕೆ ನಾನು ಮಹತ್ವ ಕೊಡಲಾರೆ. ಕೆಲವರ ಸೊಂಟದ ಅಳತೆ ನಿಜವಾಗಿ ಇಳಿದಿದೆ, ನನ್ನದೂ ಸ್ವಲ್ಪ. ಮೊಣಕಾಲು ನೋವೆಂದು ಮೆಟ್ಟಿಲು ತಪ್ಪಿಸುತ್ತಿದ್ದ ಹಿಂದಿ ಟೀಚರ್ ಈಗ ಎರಡನೇ ಮಹಡಿಯ ತರಗತಿಯನ್ನು ಬದಲಿಸಿ ಕೊಡಿ ಎಂದು ಕೇಳುತ್ತಿಲ್ಲ. ಆದರೆ ತೂಕ ಇಳಿದಂತೆ ದೇಹ ತನ್ನ ಖರ್ಚನ್ನು ತಗ್ಗಿಸಿಕೊಳ್ಳುತ್ತದೆ, ಹಸಿವಿನ ಹಾರ್ಮೋನುಗಳನ್ನು ಏರಿಸಿಕೊಳ್ಳುತ್ತದೆ. ಮೂರು ತಿಂಗಳ ಇಳಿಕೆಯನ್ನು ಕಾಯುವ ಕೆಲಸ ನಿಜವಾಗಿ ಆರಂಭವಾಗುವುದು ನಾಲ್ಕನೇ ತಿಂಗಳಲ್ಲಿ. ನಮಗೆ ಆಗ ಇದ್ದದ್ದು ಚೌತಿ, ದಸರಾ ರಜೆ, ಆಮೇಲೆ ಮಧ್ಯವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳು. ಚಿಕಿತ್ಸಾಲಯದಿಂದ ಒಂದು ಕರೆಯೂ ಬರಲಿಲ್ಲ. ಮಾರ್ಚ್ ಕಳೆದು ಮೌಲ್ಯಮಾಪನ ಶಿಬಿರಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುರ್ಚಿಗೆ ಅಂಟಿ ಕೂರುವ ದಿನಗಳ ಬಗ್ಗೆ ಅವರ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಹಾಗಾದರೆ ಸೇರಬಹುದೇ? ಗುಂಪಾಗಿ, ಸಂಸ್ಥೆಯ ನೆರವಿನೊಂದಿಗೆ, ಮೊದಲೇ ಮಾತಾಡಿಕೊಂಡು ಸೇರುವುದಾದರೆ ಸೇರಬಹುದು. ಒಬ್ಬರೇ ಪೂರ್ತಿ ಶುಲ್ಕ ಕೊಟ್ಟು ಸೇರುವುದಾದರೆ, ಅದೇ ಹಣದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡು ಒಳ್ಳೆಯ ಆಹಾರತಜ್ಞರನ್ನು ಎರಡು ಮೂರು ಬಾರಿ ಕಂಡುಬರುವುದು ಲೇಸು. ಸೇರುವ ಮೊದಲು ವೇಳಾಪಟ್ಟಿಯ ಪ್ರತಿಯನ್ನು ಅವರ ಕೈಗೆ ಕೊಡಿ; ಅದನ್ನು ನೋಡದೆ ಪಟ್ಟಿ ಬರೆದುಕೊಡುವವರಾದರೆ ಅಲ್ಲಿಗೇ ಬಿಡಿ.

ಈ ವರ್ಷ ಎರಡನೇ ತಂಡಕ್ಕೆ ಅವರು ಮತ್ತೆ ಕೇಳಿ ಬಂದಿದ್ದಾರೆ. ಬೋಧಕೇತರ ಸಿಬ್ಬಂದಿಯನ್ನೂ ಸೇರಿಸಬೇಕು, ವಾಟ್ಸ್‌ಆ್ಯಪ್ ಪಟ್ಟಿ ನಿಲ್ಲಬೇಕು, ಮುಗಿದ ಆರು ತಿಂಗಳ ಮೇಲೆ ಒಮ್ಮೆ ಬಂದು ಅಳೆಯಬೇಕು ಎಂದು ಸಿಬ್ಬಂದಿ ಸಂಘದ ಕಡೆಯಿಂದ ಬರೆದುಕೊಟ್ಟಿದ್ದೇವೆ. ಮೊದಲ ಎರಡಕ್ಕೆ ಒಪ್ಪಿದ್ದಾರೆ, ಆಡಳಿತ ಮಂಡಳಿಯೂ ಗುಮಾಸ್ತರ ಮತ್ತು ಚಾಲಕರ ಅರ್ಧ ಶುಲ್ಕ ಕೊಡಲು ಒಪ್ಪಿದೆ. ಮೂರನೆಯದಕ್ಕೆ ತಲಾ 800 ರೂಪಾಯಿ ಹೆಚ್ಚುವರಿ ಕೇಳುತ್ತಿದ್ದಾರೆ. ಪ್ರೋಟೀನ್ ಪುಡಿಗೆಂದು ಇಟ್ಟುಕೊಂಡಿರುವ ಭೇಟಿಯನ್ನು ಕೈಬಿಟ್ಟು ಅದೇ ಖರ್ಚಿನಲ್ಲಿ ಇದನ್ನು ಮಾಡಿಕೊಡಿ ಎಂದು ನಾವು ಪಟ್ಟು ಹಿಡಿದಿದ್ದೇವೆ.